ಬಳ್ಳಾರಿ ಸೀಮೆಯ ಕಡತವೂ ಓಡುಬರಹವೂ

ಇಂದಿನ ಸರಕಾರಿ ಕಚೇರಿಗಳಲ್ಲಿ ‘ಕಡತ’ವೆಂಬ ಮಾತು ಕೇಳಿಬರದ ದಿನವಿಲ್ಲ. ಕಡತವು ಮೇಜಿನಿಂದ ಮೇಜಿಗೆ ಹೋಗುತ್ತದೆ, ಕೆಲವೊಮ್ಮೆ ಕಾಣೆಯಾಗುತ್ತದೆ, ವಿಲೇವಾರಿಯೂ ಆಗುತ್ತದೆ. ಈಚಿನ ವರ್ಷಗಳಲ್ಲಿ ಅದಕ್ಕೆ ಕಾಗದದ ಹಂಗೂ ತಪ್ಪಿ, ಗಣಕಯಂತ್ರದ ಪರದೆಯ ಮೇಲೆ ಹುಟ್ಟಿ ಅಲ್ಲಿಯೇ ಮುಗಿಯುವ ಕಡತಗಳೂ ಉಂಟು. ಆದರೆ ಈ ಶಬ್ದವು ಮೊದಲು ಸೂಚಿಸುತ್ತಿದ್ದುದು ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಹತ್ತಿಯ ಬಟ್ಟೆಯನ್ನು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವಸ್ತುವು ಹೋಗಿ ಹೆಸರು ಮಾತ್ರ ಉಳಿದುಕೊಂಡ ಶಬ್ದಗಳು ಕನ್ನಡದಲ್ಲಿ ಹಲವಿರುವುವು. ಕಡತದ ವಿಷಯದಲ್ಲಿ ವಸ್ತುವಿನೊಡನೆ ಹೋದುದು ಒಂದು ವಿದ್ಯೆಯೂ ಹೌದು.

ಕೈಬರಹದ ಇಳಿತಕ್ಕೆ ಬೆರಳಚ್ಚಿನ ಯಂತ್ರವೂ ಗಣಕಯಂತ್ರವೂ ಕಾರಣವೆಂಬುದು ಸಾಮಾನ್ಯವಾದ ಅಭಿಪ್ರಾಯ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಯಲ್ಲಿ ಈ ಅಭಿಪ್ರಾಯವನ್ನು ಒರೆಗೆ ಹಚ್ಚಿ ನೋಡಲು ಬೇರೆಡೆಗಳಿಗಿಂತ ಹೆಚ್ಚಿನ ಸಾಧನಗಳು ದೊರೆಯುತ್ತವೆ. ಅವುಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ, ಬರೆಯುವ ಕೈಗಿಂತ ಮೊದಲು ಸೋತುದು ಪರರ ಕೈಯನ್ನು ಓದುವ ಕಣ್ಣು ಎಂಬುದೂ, ಆ ಸೋಲು ಯಂತ್ರವು ಬರುವುದಕ್ಕೆ ಬಹಳ ಮುಂಚೆಯೇ ಮೊದಲಾಯಿತೆಂಬುದೂ ತೋರಿಬರುತ್ತದೆ.

ಈ ಸೀಮೆಯಲ್ಲಿ ಬರಹದ ಪ್ರಾಚೀನತೆಯನ್ನು ಕುರಿತು ವಿಸ್ತರಿಸಬೇಕಾದುದಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿಯೂ, ಉಡೇಗೋಳದಲ್ಲಿಯೂ ದೊರೆತ ಅಶೋಕನ ಶಾಸನಗಳು ಆ ಅರಸನ ಹೆಸರನ್ನೇ ಹೇಳುವುದರಿಂದ ವಿದ್ವಾಂಸರಿಗೆ ಸುಪರಿಚಿತವಾಗಿವೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅದೇ ಅರಸನ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು, ಬ್ರಾಹ್ಮಿಯಲ್ಲಿ ಎಲ್ಲವನ್ನೂ ಮುಗಿಸಿ ತನ್ನ ವೃತ್ತಿಸೂಚಕವಾದ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿಟ್ಟನು. ಅಪ್ಪಣೆಯ ಬರಹದ ಕೊನೆಯಲ್ಲಿ ತನ್ನ ಕೈಯ ರೂಢಿಯನ್ನು ಇಷ್ಟರಮಟ್ಟಿಗೆ ಇಣುಕಿಸಿದ ಲಿಪಿಕಾರರು ವಿರಳ. ಕುರುಗೋಡಿನಲ್ಲಿ ಆಳಿದ ಸಿಂದರ ೧೨ನೆಯ ಶತಮಾನದ ಶಾಸನಗಳ ಅಕ್ಷರಗಳು ಅಚ್ಚಿನಂತೆ ಸ್ಫುಟವಾಗಿರುವುವು. ಆದರೆ ಕಲ್ಲಿನ ಮೇಲಿನ ಅಕ್ಷರವು ನಿಧಾನದ ಅಕ್ಷರ. ಕನ್ನಡ ಶಾಸನಗಳಲ್ಲಿ ಬರೆದವನು ಒಬ್ಬನು, ಕಂಡರಿಸಿದವನು ಮತ್ತೊಬ್ಬನು ಆಗಿರುವುದು ಸಾಮಾನ್ಯ; ಬರೆದ ಸೇನಬೋವನು ತನ್ನ ಮನೆಯ ಲೆಕ್ಕವನ್ನು ಬರೆದಿಡುವಾಗ ಇದೇ ಅಕ್ಷರವನ್ನು ತಿದ್ದಿ ತಿದ್ದಿ ಬರೆಯುತ್ತಿದ್ದನೆಂದು ನಂಬಲಾಗದು. ಸೇನಬೋವನೇ ಮುಂದೆ ಶಾನಭೋಗನಾದನು. ಅವನ ತ್ವರೆಯ ಬರಹವು ಕಲ್ಲಿಗೆ ಏರಲಿಲ್ಲವಾದುದರಿಂದ ಅದರ ಮೊದಲ ಚರಿತ್ರೆಯು ಕತ್ತಲೆಯಲ್ಲಿದೆ.

ಕತ್ತಲೆಯು ಹರಿಯುವುದು ೧೮೨೩ರಲ್ಲಿ. ದತ್ತಮಂಡಲವು ೧೮೦೦ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಸೇರಿತು; ಅದರ ಮೊದಲ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ೧೮೨೦ರಲ್ಲಿ ಮದರಾಸಿನ ಗವರ್ನರನಾದನು. ದೇಶೀಯ ಶಾಲೆಗಳ ಸ್ಥಿತಿಯನ್ನು ಜಿಲ್ಲೆಜಿಲ್ಲೆಯಿಂದಲೂ ವರದಿಮಾಡಬೇಕೆಂದು ಅವನು ೧೮೨೨ರಲ್ಲಿ ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ಉತ್ತರವು ಆ ವರದಿಗಳಲ್ಲೆಲ್ಲ ಪ್ರಸಿದ್ಧವಾದುದು. ಕ್ಯಾಂಪ್‌ಬೆಲ್ಲನು ತೆಲುಗು ವ್ಯಾಕರಣವನ್ನು ೧೮೧೬ರಲ್ಲಿ ಪ್ರಕಟಿಸಿದವನು. ಅಕ್ಷರಗಳ ವಿಷಯದಲ್ಲಿ ಅವನ ಕಣ್ಣು ಪಳಗಿದುದಾಗಿತ್ತು. ಅವನ ಲೆಕ್ಕದಂತೆ, ಅನಂತಪುರದ ಕಡೆಯ ತಾಲ್ಲೂಕುಗಳನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಓದುವವರು ೬,೬೪೧ ಮಂದಿ, ಅವರಲ್ಲಿ ಹೆಣ್ಣುಮಕ್ಕಳು ೬೦. ಕನ್ನಡದ ಶಾಲೆಗಳು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ ಒಂದು. ಉಳಿದ ೨೩ ಸಂಸ್ಕೃತ ಪಾಠಶಾಲೆಗಳು. ಈ ಅಂಕಿಗಳನ್ನು ವಿದ್ಯಾಪ್ರಚಾರದ ಅಳತೆಗೋಲಾಗಿ ಅನೇಕರು ಉಪಯೋಗಿಸಿರುವರು. ಅದೇ ವರದಿಯಲ್ಲಿ ಬರಹದ ಅಭ್ಯಾಸವನ್ನು ಕುರಿತು ಇರುವ ಮಾತುಗಳು ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ.

ಶಾಲೆಯು ಬೆಳಗಿನ ಆರು ಗಂಟೆಯ ಹೊತ್ತಿಗೆ ಕೂಡುತ್ತಿತ್ತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ, ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯುತ್ತಿದ್ದರು. ಮೂರನೆಯವನಿಂದ ಬೆತ್ತದ ಏಟು ಒಂದೊಂದಾಗಿ ಏರುತ್ತಿತ್ತು. ಎಳೆಯ ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಅಕ್ಷರವು ಕೂಡಿದ ಮೇಲೆ ಒತ್ತಕ್ಷರಗಳು, ಅನಂತರ ಊರುಗಳ ಹೆಸರುಗಳು, ಆಮೇಲೆ ಲೆಕ್ಕದ ಗುರುತುಗಳು. ಇಲ್ಲಿ ಬರೆಯುವ ಸಾಧನಗಳು ಎರಡು ಬಗೆ: ಇದ್ದಲನ್ನು ಬಳಿದ ಮರದ ಹಲಗೆಯೊಂದು, ಗಂಜಿಹಾಕಿ ಪುಸ್ತಕದಂತೆ ಮಡಿಸಿ, ಇದ್ದಲು ಅಂಟುಗಳ ಲೇಪವನ್ನು ಕೊಟ್ಟ ಬಟ್ಟೆಯ ಕಡತವೊಂದು. ಎರಡರ ಮೇಲಿನ ಬರಹವನ್ನೂ ಒದ್ದೆಬಟ್ಟೆಯಿಂದ ಅಳಿಸಬಹುದಾಗಿತ್ತು. ಹಲಗೆಯು ಅವನ ಇಂಗ್ಲಿಷ್ ಕಾಗುಣಿತದಲ್ಲಿ ‘ಹುಲ್ಲಿಗಿ’ಯಾಗಿಯೂ, ಬಳಪವು ಅದಕ್ಕಿಂತ ವಿಚಿತ್ರವಾದ ರೂಪದಲ್ಲಿಯೂ ಅಚ್ಚಾಗಿವೆ, ಕಡತವೊಂದೇ ಕೆಡದೆ ಉಳಿದಿದೆ.

ಇನ್ನು ಮುಖ್ಯವಾದ ಸಂಗತಿ. ಮೇಲ್ತರಗತಿಯ ಪಾಠಗಳಲ್ಲಿ ಕಾಗದಪತ್ರ ಬರೆಯುವುದೂ ಕರಾರುಗಳ ಮಾದರಿಯನ್ನು ರಚಿಸುವುದೂ ಪದ್ಯಗಳನ್ನು ಬಾಯಿಪಾಠ ಮಾಡುವುದೂ ಇದ್ದುವಷ್ಟೆ. ಅವುಗಳೊಂದಿಗೆ, ಉಪಾಧ್ಯಾಯನು ಅಲ್ಲಿಂದ ಇಲ್ಲಿಂದ ಸಂಪಾದಿಸಿ ತಂದ ಸರಕಾರಿ ಕಾಗದಗಳನ್ನೂ ಇತರ ಓಲೆಗಳನ್ನೂ ಮಕ್ಕಳ ಮುಂದಿಟ್ಟು, ಬೇರೆ ಬೇರೆ ಕೈಗಳ ಬರಹವನ್ನು ಬಿಡಿಸಿ ಓದಿಸುವುದೂ ಒಂದು ಪಾಠವಾಗಿತ್ತೆಂದು ಕ್ಯಾಂಪ್‌ಬೆಲ್ಲನು ಹೇಳುತ್ತಾನೆ. ಇದು ಸಾಮಾನ್ಯವಾದ ಮಾತಲ್ಲ. ಒಬ್ಬೊಬ್ಬನ ಕೈ ಒಂದೊಂದು ಬಗೆಯೆಂಬುದನ್ನು ಆ ಶಾಲೆಯು ಒಪ್ಪಿಕೊಂಡಿತ್ತು. ಅದನ್ನು ಒಂದೇ ಅಚ್ಚಿಗೆ ಎರಕಹೊಯ್ಯಲು ಯತ್ನಿಸದೆ, ಹತ್ತು ಕೈಗಳನ್ನು ಓದಬಲ್ಲವನನ್ನೇ ಓದುಬಲ್ಲವನೆಂದು ಎಣಿಸುತ್ತಿತ್ತು. ಅಂಗಡಿಯ ಲೆಕ್ಕಕ್ಕೂ ಊರಿನ ಕರಣಿಕೆಗೂ ಹೋಗಬೇಕಾದ ಹುಡುಗನಿಗೆ ಇದಕ್ಕಿಂತ ಉಪಯುಕ್ತವಾದ ಶಿಕ್ಷಣವು ಯಾವುದಿದ್ದೀತು?

ಓದುವುದಕ್ಕೆ ಪ್ರತ್ಯೇಕವಾದ ಶಿಕ್ಷಣವು ಏಕೆ ಬೇಕಾಗಿತ್ತೆಂಬುದು ಓಡುಬರಹದ ಸ್ವರೂಪವನ್ನು ಪರಿಶೀಲಿಸಿದರೆ ತಿಳಿಯುತ್ತದೆ. ತಿದ್ದಿದ ಕನ್ನಡ ಅಕ್ಷರದಲ್ಲಿ ಒಡಲು ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಒಂದು ಅಕ್ಷರಕ್ಕೆ ಮೂರು ನಾಲ್ಕು ಸಲ ಕೈಯನ್ನು ಎತ್ತಬೇಕು. ಓಡುವ ಕೈಗೆ ಇಷ್ಟು ಬಿಡುವಿಲ್ಲ. ಹಿಂದಿನ ಅಕ್ಷರದ ಬಾಲವೇ ಮುಂದಿನದಕ್ಕೆ ತಲೆಕಟ್ಟಾಗುತ್ತದೆ. ಒತ್ತಕ್ಷರವು ಬಳ್ಳಿಯ ಕುಡಿಯಂತೆ ಜೋಲುತ್ತದೆ. ಪದಗಳ ನಡುವೆ ತೆರಪಿರುವುದಿಲ್ಲ. ಮಹಾಪ್ರಾಣದ ಸೀಳು ಬಿಟ್ಟುಹೋಗುತ್ತದೆ. ಮತ್ತೆಮತ್ತೆ ಬರುವ ಮಾತುಗಳು ಮೊದಲಕ್ಷರ ಮಾತ್ರವಾಗಿ ಉಳಿಯುತ್ತವೆ. ಹಳೆಯ ಬರಹದಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಗಳಿಗೆ ಭೇದವೇ ಇಲ್ಲದುದರಿಂದ ‘ಕೊಡಿ’ ಎಂಬುದೂ ‘ಕೋಡಿ’ ಎಂಬುದೂ ಒಂದೇ ಆಗಿ ಕಾಣುತ್ತವೆ. ಕೆರೆಕಾಲುವೆಗಳ ಕಾಗದದಲ್ಲಿ ಇದು ಸಣ್ಣ ತೊಡಕಲ್ಲ. ಭಿನ್ನರಾಶಿಗಳೋ ಬರಿಯ ಗೀಟುಗಳು: ಕಾಲಿಗೆ ಒಂದು ನೆಟ್ಟನೆಯ ಗೀಟು, ಅರೆಗೆ ಎರಡು, ಮುಕ್ಕಾಲಿಗೆ ಮೂರು, ವೀಸಗಳಿಗೆ ಓರೆಗೀಟುಗಳು. ಕಲಿಯದ ಕಣ್ಣಿಗೆ ಇವು ಲೇಖನಿಯ ಕಲೆಗಳಂತೆ ತೋರುವುವು.

ಇದರ ಮೇಲೆ ಮರಾಠಿ ಮೋಡಿಯ ಪ್ರಭಾವವೂ ಸೇರಿತ್ತು. ಸೊಂಡೂರು ೧೯೪೯ರವರೆಗೆ ಘೋರ್ಪಡೆಯವರ ಸಂಸ್ಥಾನವಾಗಿತ್ತು. ಮದರಾಸು ಆಧಿಪತ್ಯದ ಕಲೆಕ್ಟರ ಕಚೇರಿಗಳಲ್ಲಿ ಮರಾಠಿಯನ್ನು ಬಲ್ಲ ದೇಶಸ್ಥ ಗುಮಾಸ್ತರ ಪ್ರಾಬಲ್ಯವು ಚರಿತ್ರಕಾರರೆಲ್ಲರೂ ಒಪ್ಪಿದ ಸಂಗತಿ. ‘ಮೋಡಿ’ ಎಂಬುದು ಮರಾಠಿಯಲ್ಲಿ ಮುರಿದ ಅಥವಾ ಬಾಗಿಸಿದ ಬರಹ. ಕನ್ನಡದಲ್ಲಿಯೂ ಆ ಹೆಸರು ಯಾವುದೇ ಓಡುಬರಹಕ್ಕೆ ಹತ್ತಿಕೊಂಡಿತು. ತೆಲುಗು ಕನ್ನಡಗಳ ಲಿಪಿಗಳು ಮೊದಲೇ ಒಂದೇ ಬೇರಿನವು. ಈ ಸೀಮೆಯ ಕರಣಿಕನ ಕೈಯಲ್ಲಿ ಅವೆರಡರ ಗಡಿಯು ಎಲ್ಲಿಯೆಂದು ಗೆರೆ ಎಳೆಯುವುದು ಸುಲಭವಲ್ಲ.

ಕಡತವು ಶಾಲೆಯ ಹಲಗೆ ಮಾತ್ರವಾಗಿದ್ದಿತೆಂದು ತಿಳಿಯಬಾರದು. ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಮೈಸೂರು ಚರಿತ್ರೆಯ ಮುನ್ನುಡಿಯಲ್ಲಿ ಅದನ್ನು ವರ್ಣಿಸಿ, ೮ ಅಂಗುಲದಿಂದ ಒಂದು ಅಡಿಯ ಅಗಲವೂ ೧೨ರಿಂದ ೧೮ ಅಡಿಯ ಉದ್ದವೂ ಉಳ್ಳದ್ದೆಂದು ಹೇಳಿರುವನು. ವರ್ತಕರ ಲೆಕ್ಕವೂ ಮಠಗಳ ದಾಖಲೆಗಳೂ ಅದರಲ್ಲಿಯೇ ಇರುತ್ತಿದ್ದವು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ದೊಡ್ಡ ಸಂಖ್ಯೆಯಲ್ಲಿ ಉಳಿದುಬಂದುವು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಅಲ್ಲಿನ ದಾಖಲೆಗಳನ್ನು ಪರಿಶೀಲಿಸಿದಾಗ, ೧೭೯೧ರ ಮರಾಠರ ದಾಳಿಯ ತರುವಾಯ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳೂ ಬೆಳಕಿಗೆ ಬಂದು, ಆ ಕಾಲದ ಚರಿತ್ರೆಯನ್ನು ಬರೆಯುವವರೆಲ್ಲರೂ ಅವನ್ನು ಲಕ್ಷಿಸಬೇಕಾಯಿತು. ಪತ್ರಗಳು ಇದ್ದುದು ನೂರಿಪ್ಪತ್ತೈದು ವರ್ಷಗಳಿಂದ. ಅವು ಆಧಾರವಾದುದು ಅವುಗಳನ್ನು ಓದಬಲ್ಲ ಕಣ್ಣು ಅಲ್ಲಿಗೆ ಹೋದಾಗ.

ಬಳ್ಳಾರಿಯ ಸೀಮೆಯಲ್ಲಿಯೇ ಇದಕ್ಕೆ ಇನ್ನೊಂದು ನಿದರ್ಶನವುಂಟು. ಕರ್ನಲ್ ಕಾಲಿನ್ ಮೆಕೆಂಜಿಯ ಸಹಾಯಕರು ೧೯ನೆಯ ಶತಮಾನದ ಮೊದಲ ವರ್ಷಗಳಲ್ಲಿ ದತ್ತಮಂಡಲದ ಊರೂರುಗಳ ಕರಣಿಕರಲ್ಲಿದ್ದ ಕವಿಲೆಗಳನ್ನು ನೋಡಿ ಕೈಫಿಯತ್ತುಗಳನ್ನು ಬರೆಸಿಕೊಂಡರು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದಿತು. ಪ್ರತಿಮಾಡಿದ ಭಾಗವಷ್ಟೇ ಉಳಿದು, ಮೂಲದ ಕವಿಲೆಗಳು ಬಹುಮಟ್ಟಿಗೆ ಮನೆಗಳ ಅಟ್ಟದ ಮೇಲೆ ಮುಗಿದುಹೋದುವು.

ಇಷ್ಟರಲ್ಲಿ ಬಳ್ಳಾರಿಗೆ ಅಚ್ಚು ಬಂದಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ೧೮೧೦ರಲ್ಲಿ ಈ ಊರಿಗೆ ಬಂದು ನೆಲೆಸಿ ಬೈಬಲ್ಲನ್ನು ಕನ್ನಡಕ್ಕೆ ತಿರುಗಿಸಿದನು. ಮಿಷನ್ನಿನ ಮುದ್ರಣಾಲಯವೂ ಇಲ್ಲಿ ಸ್ಥಾಪಿತವಾಯಿತು. ಆದರೆ ಕೈಬರಹದ ಚರಿತ್ರೆಯಲ್ಲಿ ಹೆಚ್ಚು ಅರ್ಥವುಳ್ಳ ಘಟನೆಯು ನಡೆದುದು ೧೮೪೪ರಲ್ಲಿ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗನು ೧೮೪೩ರ ಜುಲೈ ೧ರಂದು ಪ್ರಾರಂಭಿಸಿದನು. ಅದು ಕಲ್ಲಚ್ಚಿನ ಪತ್ರಿಕೆ; ಎಂದರೆ ಲಿಪಿಕಾರನೊಬ್ಬನು ಕೈಯಾರೆ ಬರೆದ ಅಕ್ಷರವೇ ಕಲ್ಲಿನ ಮೂಲಕ ಕಾಗದಕ್ಕೆ ಇಳಿಯುತ್ತಿತ್ತು. ಮರುವರ್ಷ ಅದು ಬಳ್ಳಾರಿಗೆ ವರ್ಗವಾಗಿ, ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಮೊಳೆಯಚ್ಚಿನಲ್ಲಿ ಹೊರಟಿತು. ಬರೆದ ಅಕ್ಷರವನ್ನು ಬಿಟ್ಟು ಎರಕದ ಅಕ್ಷರವನ್ನು ಕನ್ನಡ ಪತ್ರಿಕೆಯು ಮೊದಲು ಕೈಕೊಂಡ ಸ್ಥಳವು ಬಳ್ಳಾರಿಯೆಂಬುದು ಇದರಿಂದ ಸಿದ್ಧವಾಗುತ್ತದೆ. ಪತ್ರಿಕೆಯು ಬಹುಕಾಲ ಬಾಳಲಿಲ್ಲ. ಎರಕದ ಅಕ್ಷರವು ಬಾಳಿತು.

ಅಚ್ಚು ಬಂದುದರಿಂದ ಬರೆಯುವುದು ಕಡಿಮೆಯಾಗಲಿಲ್ಲ. ವಾಸ್ತವವಾಗಿ ಹೆಚ್ಚಿತು. ಮನ್ರೋವಿನ ರೈತವಾರಿ ಪದ್ಧತಿಯಲ್ಲಿ ಪ್ರತಿಯೊಂದು ಹೊಲಕ್ಕೂ ಅಳತೆ, ಪ್ರತಿಯೊಬ್ಬ ರೈತನಿಗೂ ಪಟ್ಟ, ವರ್ಷವರ್ಷವೂ ಜಮಾಬಂದಿ. ಚಿಟ್ಟಾ ಅಡಂಗಲುಗಳನ್ನು ತುಂಬಿಸುವ ಕರಣಿಕನಿಗೆ ಲೇಖನಿಯನ್ನು ಕೆಳಗಿಡಲು ವೇಳೆಯಿರಲಿಲ್ಲ. ಸಿರುಗುಪ್ಪ, ದೇಶನೂರುಗಳ ಕಾಲುವೆಗಳು ವಿಜಯನಗರದ ಕಾಲದಿಂದ ತುಂಗಭದ್ರೆಯ ನೀರನ್ನು ಗದ್ದೆಗಳಿಗೆ ಹಾಯಿಸುತ್ತಿರುವುವು. ಅಂತಹ ತರಿಭೂಮಿಯಲ್ಲಿ ಕಾಲು ಎಕರೆಯ ಭೇದವೂ ವ್ಯಾಜ್ಯಕ್ಕೆ ಸಾಕಾಗುವುದರಿಂದ, ಲೆಕ್ಕವು ಸೂಕ್ಷ್ಮವಾದಷ್ಟೂ ಗೀಟುಗಳು ಹೆಚ್ಚಿದುವು.

ಅಚ್ಚು ಬದಲಾಯಿಸಿದುದು ಶಾಲೆಯನ್ನು. ಪಠ್ಯಪುಸ್ತಕವು ಬಂದಮೇಲೆ ಉಪಾಧ್ಯಾಯನು ಊರಿನ ಓಲೆಗಳನ್ನು ಹುಡುಕಿ ತರಬೇಕಾದ ಅವಶ್ಯಕತೆಯು ತಪ್ಪಿತು. ಮಗುವಿನ ಕಣ್ಣಿಗೆ ಬೀಳುವ ಅಕ್ಷರವು ಎಲ್ಲ ಊರಲ್ಲಿಯೂ ಒಂದೇ ಆಯಿತು. ದೀರ್ಘದ ಗುರುತು, ಪದಗಳ ನಡುವಣ ತೆರಪು, ವಿರಾಮಚಿಹ್ನೆಗಳು ನಿಯತವಾದುವು. ಇವೆಲ್ಲವೂ ನಿಸ್ಸಂದೇಹವಾಗಿ ಲಾಭ. ಆದರೆ ಕಾಪಿಪುಸ್ತಕದ ಗೆರೆಗಳ ನಡುವೆ ಮಗುವು ತಿದ್ದತೊಡಗಿದುದು ಅಚ್ಚಿನ ಮೊಳೆಯ ಆಕಾರವನ್ನು. ‘ದುಂಡಗಿನ ಅಕ್ಷರ’ವೆಂಬ ಹೊಗಳಿಕೆಯ ಅರ್ಥವೂ ಅದೇ. ಓಡುಬರಹವು ಪಾಠಶಾಲೆಯನ್ನು ಬಿಟ್ಟು ಶಾನಭೋಗರ ಮನೆಗಳಲ್ಲಿಯೂ ಸಾಹುಕಾರರ ಗದ್ದುಗೆಗಳಲ್ಲಿಯೂ, ತಂದೆಯಿಂದ ಮಗನಿಗೆ, ಯಜಮಾನನಿಂದ ಗುಮಾಸ್ತನಿಗೆ ಬರುವ ಕುಲವಿದ್ಯೆಯಾಯಿತು. ಎಲ್ಲರಿಗೂ ತೆರೆದಿದ್ದ ಪಾಠವೊಂದು ಕೆಲವರ ಗುಟ್ಟಾಗಿ ಪರಿಣಮಿಸಿದುದರಲ್ಲಿ ಅನ್ಯಾಯಕ್ಕೂ ಅವಕಾಶವಾಯಿತೆಂಬುದನ್ನು ಮರೆಯಲಾಗದು. ಶಾನಭೋಗನ ಮೋಡಿಯನ್ನು ಶಾನಭೋಗನೇ ಓದಬೇಕೆಂಬ ಸ್ಥಿತಿಯು ರೈತನಿಗೆ ಹಿತವಾದುದಾಗಿರಲಿಲ್ಲ. ಅಳಿದುಹೋದ ಬರಹವನ್ನು ಕುರಿತು ಮರುಗುವವರು ಈ ಮುಖವನ್ನೂ ನೋಡಬೇಕು.

ಬಳ್ಳಾರಿ, ಸಿರುಗುಪ್ಪ ಮೊದಲಾದ ಏಳು ತಾಲ್ಲೂಕುಗಳು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ಸಂಸ್ಥಾನಕ್ಕೆ ಸೇರಿದುವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದುವು. ಮದರಾಸಿನ ಲೆಕ್ಕದ ನಮೂನೆಗಳ ಜಾಗಕ್ಕೆ ಕಾಲಕ್ರಮದಲ್ಲಿ ಮೈಸೂರಿನವು ಬಂದುವು. ಅನಂತರ ೧೯೬೧ರ ಗ್ರಾಮಾಧಿಕಾರ ರದ್ಧತಿ ಶಾಸನವು ೧೯೬೩ರ ಫೆಬ್ರವರಿಯಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಶಾನಭೋಗಿಕೆಯು ಕೊನೆಗಂಡಿತು. ಸಂಬಳದ ಗ್ರಾಮಲೆಕ್ಕಿಗನು ಅವನ ಸ್ಥಾನಕ್ಕೆ ಬಂದನು. ನ್ಯಾಯದೃಷ್ಟಿಯಿಂದ ಇದು ಆಗಲೇಬೇಕಾಗಿದ್ದ ಕೆಲಸ. ಆದರೆ ಅಚ್ಚಿನ ಶಾಲೆಯಲ್ಲಿ ಕಲಿತು ಬಂದ ಲೆಕ್ಕಿಗನಿಗೆ ಹಿಂದಿನವನ ದಫ್ತರವು ಒಪ್ಪಿಸಲ್ಪಟ್ಟಿತೇ ಹೊರತು ಅದನ್ನು ಓದುವ ಕೀಲಿಯು ಒಪ್ಪಿಸಲ್ಪಡಲಿಲ್ಲ. ಮರಾಠಿ ಮೋಡಿಯೂ ಸುಮಾರಾಗಿ ಇದೇ ಕಾಲಕ್ಕೆ ಮುಂಬಯಿ ಪ್ರಾಂತದ ಶಾಲೆಗಳಿಂದ ಮರೆಯಾಯಿತೆಂಬುದನ್ನು ಇಲ್ಲಿ ಹೋಲಿಸಬಹುದು.

ಹೀಗಿರಲಾಗಿ, ಕನ್ನಡ ಬೆರಳಚ್ಚಿನ ಯಂತ್ರದ ಮೇಲೆ ಹೊರಿಸುವ ಅಪರಾಧವು ಅದರ ಅರ್ಹತೆಗೆ ಮೀರಿದುದು. ಆ ಯಂತ್ರವು ಕನ್ನಡ ಅಕ್ಷರವನ್ನು ಬಿಡಿಭಾಗಗಳನ್ನಾಗಿ ಒಡೆದು, ಕಾಗದದ ಉರುಳೆಯನ್ನು ಮುಂದಕ್ಕೆ ಸರಿಸದ ಕೀಲಿಗಳಿಂದ ಒತ್ತುಗಳನ್ನು ಕೂಡಿಸುತ್ತಿತ್ತು. ಅದು ತಾಲ್ಲೂಕು ಕಚೇರಿಯ ಪತ್ರವ್ಯವಹಾರವನ್ನು ಮುಟ್ಟಿತು; ಗ್ರಾಮದ ಲೆಕ್ಕವನ್ನು ಮುಟ್ಟಲಿಲ್ಲ. ಪಹಣಿಯು ೨೦ನೆಯ ಶತಮಾನದ ಕೊನೆಯವರೆಗೂ ಕೈಬರಹದಲ್ಲಿಯೇ ಇದ್ದಿತು.

ಅದು ಯಂತ್ರಕ್ಕೆ ಹೋದುದು ‘ಭೂಮಿ’ ಯೋಜನೆಯಿಂದ. ಸುಮಾರು ೬೭ ಲಕ್ಷ ಭೂಮಾಲಿಕರ ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿ, ೨೦೦೨ರ ಹೊತ್ತಿಗೆ ಕರ್ನಾಟಕದ ತಾಲ್ಲೂಕುಗಳಲ್ಲೆಲ್ಲ ಕೈಬರಹದ ಪಹಣಿಯ ಮಾನ್ಯತೆಯು ನಿಂತಿತು. ಲೆಕ್ಕಿಗನ ಕೈಗೆ ಕಾಯದೆ ರೈತನು ತನ್ನ ಪಹಣಿಯನ್ನು ತಾನೇ ಪಡೆಯುವಂತಾದುದು ಅಲ್ಪವಾದ ಉಪಕಾರವಲ್ಲ. ಆದರೆ ಯಂತ್ರಕ್ಕೆ ಏರಿದುದು ಚಾಲ್ತಿಯಲ್ಲಿದ್ದ ನಮೂದು. ಈ ನಮೂದು ಎಲ್ಲಿಂದ ಬಂದಿತೆಂಬ ಪ್ರಶ್ನೆಯು ಎದ್ದಾಗ, ವಿಭಾಗವಾದ ಹೊಲಕ್ಕೋ ಇನಾಮಿನ ಗದ್ದೆಗೋ ಕಾಲುವೆಯ ಹಕ್ಕಿಗೋ ಹಿಂದಿನ ಕಾಗದವನ್ನು ತೆರೆಯಲೇಬೇಕು. ಬಳ್ಳಾರಿಯ ಸೀಮೆಯಲ್ಲಿ ಆ ಕಾಗದದ ಸರಣಿಯು ೧೯೫೩ಕ್ಕೆ ಹಿಂದೆ ಮದರಾಸಿನ ನಮೂನೆಗೂ, ಅದಕ್ಕೂ ಹಿಂದೆ ಕರಣಿಕನ ಓಡುಬರಹಕ್ಕೂ ಹೋಗಿ ಮುಟ್ಟುತ್ತದೆ. ಈಚೆಗೆ ಬೇರೆ ತಾಲ್ಲೂಕಾದ ಕುರುಗೋಡಿನ ಹಳ್ಳಿಗಳಿಗಾದರೋ ಹಿಂದಿನ ದಾಖಲೆಗಳು ಹೊಸ ತಾಲ್ಲೂಕಿನ ಹೆಸರಿನಲ್ಲಿ ಇರುವಂತೆಯೇ ಇಲ್ಲ.

ತಾಲ್ಲೂಕು ದಾಖಲೆಯ ಕೊಠಡಿಗಳಲ್ಲಿರುವ ಹಳೆಯ ಕಾಗದಗಳ ಪ್ರತಿಬಿಂಬವನ್ನು ತೆಗೆದಿಡುವ ‘ಭೂ ಸುರಕ್ಷಾ’ ಕಾರ್ಯವನ್ನು ಕರ್ನಾಟಕ ಸರಕಾರವು ೨೦೨೪ರಲ್ಲಿ ಕೈಕೊಂಡಿತು. ಗೆದ್ದಲಿನಿಂದಲೂ ತಿದ್ದುಪಡಿಯ ಮೋಸದಿಂದಲೂ ಕಾಗದವನ್ನು ಕಾಪಾಡಲು ಇದಕ್ಕಿಂತ ಒಳ್ಳೆಯ ಉಪಾಯವು ಸದ್ಯಕ್ಕೆ ಇಲ್ಲ. ಆದರೆ ಪ್ರತಿಬಿಂಬವು ಓದಿಕೆಯಲ್ಲ. ಯಂತ್ರಕ್ಕೆ ಕೈಬರಹವನ್ನು ಓದಲು ಕಲಿಸುವ ಪ್ರಯತ್ನಗಳು ಲೋಕದಲ್ಲೆಲ್ಲ ನಡೆದಿವೆ. ಎಲ್ಲೆಡೆಯೂ ಅವುಗಳ ಕ್ರಮವೊಂದೇ: ಬಲ್ಲವರು ಓದಿ ಬರೆದುಕೊಟ್ಟ ಸಾವಿರಾರು ಸಾಲುಗಳನ್ನು ಮೊದಲು ಯಂತ್ರದ ಮುಂದಿಡಬೇಕು. ಕ್ಯಾಂಪ್‌ಬೆಲ್ಲನು ಕಂಡ ಉಪಾಧ್ಯಾಯನು ಮಕ್ಕಳ ಮುಂದೆ ಇಟ್ಟುದೂ ಇಂತಹ ಕಾಗದಗಳನ್ನೇ. ಬಲ್ಲವರು ಇರುವಾಗ ಮಾತ್ರ ಈ ಕೆಲಸವು ಸಾಧ್ಯ. ಊರಿಗೊಬ್ಬರಿದ್ದ ಕಡೆ ಈಗ ತಾಲ್ಲೂಕಿಗೊಬ್ಬರು ಸಿಕ್ಕಿದರೆ ಹೆಚ್ಚು.

ಸಂಕೇತಗಳ ಮಟ್ಟಿಗೆ ವ್ಯವಸ್ಥೆಯು ಮುಂದೆಯೇ ಹ���ಗಿದೆ. ಕಾಲು, ಅರೆ, ಮುಕ್ಕಾಲು, ವೀಸಗಳ ಗೀಟುಗಳಿಗೆ ಯೂನಿಕೋಡಿನಲ್ಲಿ ೨೦೦೯ರಲ್ಲಿ ಸ್ಥಾನವು ದೊರೆಯಿತು. ಮೋಡಿ ಲಿಪಿಗೆ ೨೦೧೪ರಲ್ಲಿ. ರೂಢಿಯಲ್ಲಿರುವ ಕನ್ನಡ ಕೀಲಿಮಣೆಯಲ್ಲಿ ಮಾತ್ರ ಆ ಗೀಟುಗಳಿಗೆ ಕೀಲಿಯಿಲ್ಲ. ಆದಕಾರಣ ಸಿರುಗುಪ್ಪದ ಹಳೆಯ ಲೆಕ್ಕವೊಂದನ್ನು ಇಂದು ಪ್ರತಿಮಾಡುವವನು, ಮೂರು ಗೀಟುಗಳನ್ನು ಕಂಡ ಕಡೆಯಲ್ಲಿ, ಅವು ಲೇಖನಿಯ ಕಲೆಯಲ್ಲವೆಂದು ಅವನಿಗೆ ಯಾರಾದರೂ ಹೇಳಿಕೊಟ್ಟಿದ್ದರೆ, ‘ಮುಕ್ಕಾಲು’ ಎಂದು ಅಕ್ಷರದಲ್ಲಿ ಬರೆಯಬೇಕಾಗುತ್ತದೆ.